ಹೂ ಬೀಳುವ ಮೊದಲೇ ಮಗಳ ಮಾತು

ದೇವಿಯ ಮೇಲಿಟ್ಟ ಹೂ ಬೀಳುತ್ತಲೇ ಇರಲಿಲ್ಲ. ಬಲಗಡೆ ಬಿದ್ದರೆ ಒಪ್ಪಿಗೆ, ಎಡಗಡೆ ಬಿದ್ದರೆ ಬೇಡ ಎಂಬುದು ಬೆಟ್ಟದಪುರದ ಪಕ್ಕದ ನಮ್ಮೂರಿನ ನಂಬಿಕೆ. ಕೈಮುಗಿದು ನಿಂತಿದ್ದ ನಮ್ಮ ಯಜಮಾನರು ಮತ್ತೆ ಗಟ್ಟಿಯಾಗಿ ಕೇಳಿದರು: “ಮಗ್ಳನ್ನ ಕೊಯಮತ್ತೂರಿಗೆ ಕಳಿಸೋದಾದ್ರೆ ಬಲಗಡೆ ಕೊಡು ತಾಯಿ.”

ಮಗಳು ಸಿಂಚನಾಳಿಗೆ ಎಂ.ಎಸ್ಸಿ. ಸೀಟು ಮೈಸೂರಿನಲ್ಲೂ ಸಿಕ್ಕಿತ್ತು, ಕೊಯಮತ್ತೂರಿನಲ್ಲೂ ಸಿಕ್ಕಿತ್ತು. ಅಲ್ಲಿನ ದುಬಾರಿ ಫೀಸಿಗಾಗಿ ಹೊಲವನ್ನು ಶುಂಠಿ ಬೆಳೆಯುವವರಿಗೆ ಗುತ್ತಿಗೆ ಕೊಡಲೂ ಇವರು ತಯಾರಿದ್ದರು. ಹೊರರಾಜ್ಯದ ಕಾಲೇಜೆಂದರೆ ಇವರಿಗೆ ಅಷ್ಟು ಹೆಮ್ಮೆ. ಸಾರವನ್ನೆಲ್ಲ ಹೀರುವ ಶುಂಠಿ ಹಾಕಿದ ಮೇಲೆ ಆ ಮಣ್ಣಿನ ಗತಿಯೇನು ಎಂಬುದು ನನ್ನ ಚಿಂತೆ.

ನನ್ನ ಹಿಂದೆ ನಿಂತಿದ್ದ ಸಿಂಚನಾ ಇದ್ದಕ್ಕಿದ್ದಂತೆ ಬಾಯಿಬಿಟ್ಟಳು. “ನಂಗೆ ಮೈಸೂರೇ ಇಷ್ಟ ಕಣಪ್ಪ. ನನ್ನ ಒಂದ್ ಮಾತು ಕೇಳಿದ್ರೆ ಆಗ್ತಿತ್ತು. ದೇವ್ರಿಗ್ಯಾಕೆ ತೊಂದ್ರೆ ಕೊಡ್ತೀಯ?”

ನಿಜ, ನೆಂಟರನ್ನು ಕೇಳಿದ್ದೆವು, ಮೇಷ್ಟ್ರನ್ನು ಕೇಳಿದ್ದೆವು, ಕೊನೆಗೆ ದೇವಿಯನ್ನೂ ಕೇಳಲು ಬಂದಿದ್ದೆವು. ಅವಳನ್ನು ಮಾತ್ರ ಕೇಳಿರಲಿಲ್ಲ. ಅಷ್ಟರಲ್ಲಿ ಹೂ ಬಲಗಡೆಗೆ ಬಿತ್ತು! ಅದು ಅಪ್ಪನ ಮಾತಿಗೋ, ಮಗಳ ಮಾತಿಗೋ ಎಂಬುದು ಪೂಜಾರಿಗೂ ತಿಳಿಯಲಿಲ್ಲ. ಇವರೇ ಮೊದಲು ನಕ್ಕರು. “ಆಯ್ತು ಬುಡವ್ವ, ಮೈಸೂರೇ ಆಗ್ಲಿ.”

ಈಗ ಅವಳು ಮೈಸೂರಿನ ಹಾಸ್ಟೆಲಿನಲ್ಲಿದ್ದಾಳೆ, ಶನಿವಾರ ಬಸ್ಸು ಹತ್ತಿ ಮನೆಗೆ ಬರುತ್ತಾಳೆ. ಹೊಲದಲ್ಲಿ ನಮ್ಮದೇ ರಾಗಿ ನಿಂತಿದೆ. ಮೊನ್ನೆ ಹಸು ಕೊಳ್ಳುವ ಮಾತು ಬಂದಾಗ, ದೇವಿಯ ಹತ್ತಿರ ಹೂ ಕೇಳೋಣವೇ ಎಂದೆ. ಇವರು ಬೇಡವೆಂದು ತಲೆಯಾಡಿಸಿದರು. “ತಡಿ, ಶನಿವಾರ ಮಗ್ಳು ಬರ್ಲಿ.”