ಕ್ಷೇಮಸಮಾಚಾರದ ಸಾಹೇಬರು

ಲಿಫ್ಟ್ ಕೂರಿಸುವ ನಮ್ಮ ತಂಡದ ಸಾಹೇಬರು ‘ಕೆಲಸಗಾರರ ಮನಸ್ಸು ಗೆಲ್ಲುವುದು ಹೇಗೆ’ ಎಂಬ ಎರಡು ದಿನದ ತರಬೇತಿ ಮುಗಿಸಿ ಬಂದಾಗಿನಿಂದ ನಮಗೆ ನೆಮ್ಮದಿಯಿಲ್ಲ. ಹಿಂದೆಲ್ಲ ಬೈಯುತ್ತಿದ್ದರು, ನಾವು ಬೈಸಿಕೊಂಡು ಕೆಲಸ ಮಾಡುತ್ತಿದ್ದೆವು, ಅಲ್ಲಿಗೆ ಮುಗಿಯುತ್ತಿತ್ತು. ಈಗ ಜೇಬಿನಿಂದ ಹಸಿರು ರಟ್ಟಿನ ಪುಸ್ತಕ ತೆಗೆದು, ಮೇಜಿನ ಮರೆಯಲ್ಲಿ ಕಣ್ಣಾಡಿಸಿ, “ನಿಮ್ಮ ತಾಯಿಯವರ ಮಂಡಿನೋವು ಹೇಗಿದೆ?” ಎನ್ನುತ್ತಾರೆ. ಆ ಮಂಡಿಯ ಹಿಂದೆ ಭಾನುವಾರದ ಡ್ಯೂಟಿ ಅಡಗಿ ಕೂತಿರುತ್ತದೆಂದು ನಮಗೆ ಗೊತ್ತು. “ಅವರು ನಗ್ತಾ ಬಂದ್ರೆ ನಂಗೆ ಎದೆ ಡವಡವ ಅನ್ನತ್ತಪ್ಪ” ಎನ್ನುತ್ತಾರೆ ಸ್ಟೋರ್ ನೋಡಿಕೊಳ್ಳುವ ಅಕ್ಕ. ವೈರಿಂಗಿನವನು ಆ ಪುಸ್ತಕದಲ್ಲಿ ತನಗೆ ಬಂಧುಬಳಗವೇ ಇಲ್ಲವೆಂದು ಬರೆಸಿ, ಮರುವಾರವೇ ತಮ್ಮನ ಮದುವೆಗೆ ರಜೆ ಕೇಳಿ ಸಿಕ್ಕಿಬಿದ್ದ. ನಾನು ಅವನಷ್ಟು ದಡ್ಡನಲ್ಲ. ಇಲ್ಲದ ಚಿಕ್ಕಮ್ಮನೊಬ್ಬರನ್ನು ಹುಟ್ಟಿಸಿ, ಅವರ ಸೊಂಟ ಮುರಿಸಿ, ಊರಿನ ದೊಡ್ಡಾಸ್ಪತ್ರೆಗೆ ಸೇರಿಸಿದೆ. ಭಾನುವಾರದ ಡ್ಯೂಟಿ ತಪ್ಪಿತು. ಸೋಮವಾರ ಬೆಳಿಗ್ಗೆ ಸಾಹೇಬರು ಮೆತ್ತಗಾದ ಕಿತ್ತಳೆಹಣ್ಣಿನ ಚೀಲವೊಂದನ್ನು ನನ್ನ ಮುಂದಿಟ್ಟರು. “ನಿನ್ನೆ ನಿಮ್ಮ ಚಿಕ್ಕಮ್ಮನ್ನ ನೋಡೋಣ ಅಂತ ಹೋಗಿದ್ದೆ. ನಾಲ್ಕೂ ಮಹಡಿ ಹತ್ತಿ ಹುಡುಕಿದೆ, ಸಿಗ್ಲಿಲ್ಲ. ಅಲ್ಲಿ ಲಿಫ್ಟ್ ಬೇರೆ ಕೆಟ್ಟಿತ್ತು.” ನನ್ನ ಬಣ್ಣ ಬಯಲು ಮಾಡಲೆಂದೇ ಹೋಗಿದ್ದಾರೆ ಎಂದುಕೊಂಡೆ. ಚಿಕ್ಕಮ್ಮನನ್ನು ಬೇರೆ ಆಸ್ಪತ್ರೆಗೆ ಸಾಗಿಸಲು ಬಾಯಿ ತೆರೆಯುವಷ್ಟರಲ್ಲಿ ಅವರು ಹಸಿರು ಪುಸ್ತಕದಲ್ಲಿ ನನ್ನ ಪುಟ ತೆರೆದು, ಶಾಲೆಯ ಮಗುವಿನಂತೆ ತುಟಿ ಅಲುಗಿಸುತ್ತ ಬರೆದುಕೊಂಡರು: ‘ವಾರ್ಡ್ ನಂಬರ್ ಕೇಳಲಿಲ್ಲ. ತಪ್ಪು ನನ್ನದು.’