ಜೋಡಿ ಸಿಗದ ಸಾಲು

ಸೋಲೂರಿನ ಕುರಿಗಾರರ ಸಂಘದ ವೆಬ್‌ಸೈಟ್ ನೋಡಿಕೊಳ್ಳುವ ಗಂಗರಾಜುವಿಗೆ ಲೋಕವೆಲ್ಲ ಸಾಲು ಸಾಲು ಮಾಹಿತಿ ತುಂಬಿದ ಟೇಬಲ್ಲುಗಳಾಗಿಯೇ ಕಾಣುತ್ತದೆ. ಹೋಟೆಲಿಗೆ ಹೋದರೂ ಜಾವಾಸ್ಕ್ರಿಪ್ಟಿನಲ್ಲಿ ಡೇಟಾಬೇಸನ್ನು ಕೇಳುವ ಧಾಟಿಯಲ್ಲೇ, "ಇಡ್ಲೀಲಿ, ಬಿಸಿಯಾಗಿರೋವು, ಎರಡೇ ಎರಡು" ಎನ್ನುತ್ತಾನೆ. ತೆರೆಯ ಮೇಲೆ ತಪ್ಪು ಉತ್ತರ ಬಂದರೆ ಕಂಪ್ಯೂಟರನ್ನು ಬಯ್ಯುವವನಲ್ಲ. "ನಾನೇ ಸರ್ಯಾಗಿ ಕೇಳ್ನಿಲ್ಲ ಕಣಪ್ಪಾ" ಎಂದು ಅದರ ತಲೆ ಸವರಿ ಮತ್ತೆ ಬರೆಯುತ್ತಾನೆ. ಸಂಘದಲ್ಲಿ ಮನೆಗಳದೊಂದು ಟೇಬಲ್ಲು, ಕುರಿಗಳದೊಂದು. ಎರಡನ್ನೂ ಸುಮ್ಮನೆ ಜೋಡಿಸಿ ಕೇಳಿದರೆ ಕುರಿಯಿಲ್ಲದ ಮನೆ ಪುಟದಿಂದಲೇ ಬಿದ್ದುಹೋಗುತ್ತದೆ. ಗಂಗರಾಜು ಹಾಗೆ ಬೀಳಲು ಬಿಡುವುದಿಲ್ಲ. ಅವನು ಕೇಳುವ ರೀತಿಯಲ್ಲಿ ಮನೆ ಉಳಿದು, ಕುರಿಯ ಜಾಗವಷ್ಟೇ ಖಾಲಿ ಕಾಣುತ್ತದೆ. "ಈ ಖಾಲಿ ಸಾಲುಗಳ್ನ ತೆಗ್ದಾಕ್ಬುಡ್ಲಾ, ಪುಟ ಒಸಿ ಅಂದವಾಗಿರ್ತದೆ" ಎಂದು ಅಧ್ಯಕ್ಷ ಪುಟ್ಟಲಿಂಗಯ್ಯ ಗದರಿದಾಗಲೆಲ್ಲ, "ಕುರಿ ಇಲ್ದಿದ್ರೇನಣ್ಣ, ಮನೆ ಐತಲ್ಲ" ಎನ್ನುತ್ತಾನೆ. ಅವನ ಹೆಂಡತಿ ಸಿಂಧು ತೀರಿಕೊಂಡು ವರ್ಷವಾಯಿತು. ಮದುವೆಗೆ ಕರೆಯಲು ಬರುವ ಹೆಂಗಸರು ಮನೆಯ ಹೆಣ್ಣಿಗೆ ಕುಂಕುಮವಿಟ್ಟು ಕರೆಯುವುದು ಊರಿನ ಪದ್ಧತಿ. ಈ ಮನೆಯಲ್ಲಿ ಇಡಿಸಿಕೊಳ್ಳುವವರಿಲ್ಲ. ನಿನ್ನೆ ಸಂಜೆ ಬೀದಿಯಲ್ಲಿ ಮದುವೆಗೆ ಕರೆಯಲು ಬಂದವರ ಬಳೆಗಳ ಸದ್ದು ಕೇಳಿದ್ದೇ ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟು, ಅಂಗಿಯ ಗುಂಡಿ ಹಾಕಿಕೊಂಡು ಬಾಗಿಲಲ್ಲಿ ನಿಂತ. ಅವರು ಆಚೆ ಮನೆಯಿಂದ ಹೊರಬಂದು, ತಲೆ ತಗ್ಗಿಸಿ ಇವನ ಬಾಗಿಲು ದಾಟಿ, ಈಚೆ ಮನೆಗೆ ಹೋದರು. ಗಂಗರಾಜು ಜಗಲಿಯ ದೀಪ ಹಾಕಿದ; ವಾಪಸ್ಸು ಬರುವಾಗಲಾದರೂ ಮನೆ ಕಾಣಲಿ ಎಂದು.