ಎಲ್ಲಾ ಬರುತ್ತೆ ಅನ್ನಕ್ಕಾ

ಪೀಣ್ಯದ ಗಾರ್ಮೆಂಟ್ಸ್‌ಗಳಲ್ಲಿ ಕೆಲಸ ಹುಡುಕುವುದು ಹೇಗೆ ಎಂದು ಕೇಳಿಕೊಂಡು ಬಾಗಲಗುಂಟೆಯ ನಮ್ಮ ಬೀದಿಯ ಹೆಂಗಸರು ಈಗಲೂ ನನ್ನ ಹತ್ತಿರ ಬರುತ್ತಾರೆ. ನಾನೂ ಅವರು ಬಾಯಿ ಬಿಡುವುದನ್ನೇ ಕಾಯುತ್ತಿದ್ದವಳ ಥರ ಶುರು ಮಾಡುತ್ತೇನೆ. ಹಬ್ಬ ಮುಗಿದ ಮರುವಾರ ಹೋಗಿ, ಊರಿಗೆ ಹೋದವರಲ್ಲಿ ಎಷ್ಟೋ ಜನ ಇನ್ನೂ ಬಂದಿರುವುದಿಲ್ಲ, ಮಷಿನ್‌ಗಳು ಖಾಲಿ ಇರುತ್ತವೆ. ಗುಂಪು ಕಟ್ಟಿಕೊಂಡು ಹೋಗಬೇಡಿ, ಗೇಟು ತೆಗೆಯುವುದಿಲ್ಲ. ಸೆಕ್ಯುರಿಟಿಯವನನ್ನು ಅಣ್ಣಾ ಎಂದು ಕರೆಯಿರಿ, ಯಾವ ಲೈನಿನಲ್ಲಿ ಜನ ಕಮ್ಮಿ ಎಂಬುದು ಆಫೀಸಿನವರಿಗಿಂತ ಮೊದಲು ಅವನಿಗೆ ಗೊತ್ತಿರುತ್ತದೆ. ಮಧ್ಯಾಹ್ನ ಊಟಕ್ಕೆ ಹೊರಗೆ ಬಂದ ಹೆಂಗಸರನ್ನು ನೋಡಿ. ನಗುತ್ತಾ ತಿನ್ನುತ್ತಿದ್ದರೆ ಆ ಕಂಪನಿಗೆ ಸೇರಬಹುದು, ತಲೆ ತಗ್ಗಿಸಿ ಗಬಗಬನೆ ನುಂಗುತ್ತಿದ್ದರೆ ಮುಂದಿನ ಗೇಟಿಗೆ ಹೋಗಿ. ಇಷ್ಟೆಲ್ಲ ಹೇಳಿದ ಮೇಲೆ ಕೊನೆಗೆ, ನಿಮಗೆ ಏನು ಬರುತ್ತದೋ ಅದನ್ನಷ್ಟೇ ಬರುತ್ತದೆ ಅನ್ನಿ ಎನ್ನುತ್ತೇನೆ. ಈ ಕೊನೆಯದನ್ನು ನಾನು ಕಲಿತದ್ದು ಹೇಳಿಕೊಳ್ಳುವಂಥ ರೀತಿಯಲ್ಲಿ ಅಲ್ಲ. ನಮ್ಮ ಬೀದಿಯಲ್ಲಿ ಇಷ್ಟು ದಿನ ಯಾರಿಗೂ ಹೇಳಿಲ್ಲ.

ನಾನು ಹನ್ನೊಂದು ವರ್ಷ ಒಂದೇ ಫ್ಯಾಕ್ಟರಿಯಲ್ಲಿ ಶರ್ಟು ಹೊಲಿದೆ. ಹೊಲಿದೆ ಎನ್ನುವುದೂ ದೊಡ್ಡ ಮಾತು. ಅಲ್ಲಿ ಯಾರೂ ಶರ್ಟು ಹೊಲಿಯುವುದಿಲ್ಲ. ಒಬ್ಬಳು ಜೇಬು ಹಾಕುತ್ತಾಳೆ, ಒಬ್ಬಳು ತೋಳು ಜೋಡಿಸುತ್ತಾಳೆ, ಇನ್ನೊಬ್ಬಳು ಗುಂಡಿ. ನನ್ನದು ಕಫ್, ಅಂದರೆ ತೋಳಿನ ತುದಿಯ ಪಟ್ಟಿ. ನನ್ನ ಮುಂದಿನ ಮಷಿನ್‌ನಲ್ಲಿ ಕೂತಿದ್ದ ಅಕ್ಕನದು ಕಾಲರ್. ಹನ್ನೊಂದು ವರ್ಷ ನಾನು ಆಕೆಯ ಬೆನ್ನು ನೋಡಿಕೊಂಡೇ ದುಡಿದಿದ್ದೇನೆ, ಗಂಡನ ಮುಖವನ್ನೂ ಅಷ್ಟು ಹೊತ್ತು ನೋಡಿದವಳಲ್ಲ.

ಅಕ್ಕ ರಾಯಚೂರು ಕಡೆಯವಳು. ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಕಟ್ಟಡದ ಕೆಲಸಕ್ಕೆಂದು ಬಂದು, ಆಮೇಲೆ ಗಾರ್ಮೆಂಟ್ಸ್‌ಗೆ ಸೇರಿದವಳು. ಕಾಲರ್ ಕೂರಿಸುವುದರಲ್ಲಿ ಆಕೆಯ ಕೈ ಹೇಗೆ ಪಳಗಿತ್ತೆಂದರೆ, ಮಾತಾಡುತ್ತಾ ಎಲ್ಲೋ ನೋಡುತ್ತಾ ಹೊಲಿದರೂ ಎರಡು ತುದಿಗಳು ಸರಿಸಮ ಬಂದು ಕೂರುತ್ತಿದ್ದವು. ಚೆಕಿಂಗ್‌ನಿಂದ ಆಕೆಯ ಪೀಸು ವಾಪಸು ಬಂದದ್ದನ್ನು ನಾನು ನೋಡಿಲ್ಲ. ಆಕೆ ರಜೆ ಹಾಕಿದಾಗ ಲೈನು ನಿಲ್ಲಬಾರದೆಂದು ಊಟದ ಹೊತ್ತಿನಲ್ಲಿ ನನಗೂ ಕಲಿಸಿಕೊಟ್ಟಿದ್ದಳು. ಕಲಿಸುವಾಗ ಸಿಟ್ಟು ಮಾಡುತ್ತಿರಲಿಲ್ಲ. ಎಳೆದು ಹೊಲಿಯಬೇಡ, ಬಟ್ಟೆ ತಾನೇ ಬರುತ್ತದೆ, ನೀನು ದಾರಿ ತೋರಿಸಿದರೆ ಸಾಕು ಎನ್ನುತ್ತಿದ್ದಳು. ನಾನು ಆರು ಸಲ ಬಿಚ್ಚಿ ಏಳನೇ ಸಲ ಕಲಿತೆ.

ಆರ್ಡರ್ ಇಲ್ಲವೆಂದು ಫ್ಯಾಕ್ಟರಿ ಮುಚ್ಚಿದಾಗ ನಮ್ಮಲ್ಲಿ ಎಲ್ಲರಿಗೂ ಕಷ್ಟವೇ ಆಯಿತು. ಆದರೆ ಅಕ್ಕನ ಕಷ್ಟ ಬೇರೆ. ಆಕೆಯ ಗಂಡನಿಗೆ ಕಿಡ್ನಿ ಹೋಗಿತ್ತು. ವಾರಕ್ಕೆ ಎರಡು ಸಲ ರಕ್ತ ಶುದ್ಧಿ ಮಾಡಿಸಬೇಕು. ಅದು ನಡೆಯುತ್ತಿದ್ದದ್ದು ಆಕೆಗೆ ಫ್ಯಾಕ್ಟರಿಯಿಂದ ಸಿಕ್ಕಿದ್ದ ಆಸ್ಪತ್ರೆ ಕಾರ್ಡಿನ ಮೇಲೆ. ಕೆಲಸ ಹೋದ ಮೇಲೂ ಆ ಕಾರ್ಡು ಕೆಲವು ತಿಂಗಳು ನಡೆಯುತ್ತದೆ, ಆಮೇಲೆ ನಿಂತುಹೋಗುತ್ತದೆ. ಅಷ್ಟರೊಳಗೆ ಕಾರ್ಡು ಕೊಡುವಂಥ ಇನ್ನೊಂದು ಕಂಪನಿ ಸಿಗಬೇಕು. ಮನೆಗೆಲಸ ಬೇಕಾದಷ್ಟಿತ್ತು, ಆದರೆ ಪಾತ್ರೆ ತೊಳೆಯುವವಳಿಗೆ ಯಾರು ಕಾರ್ಡು ಮಾಡಿಸುತ್ತಾರೆ?

"ನಾನಿದೀನಲ್ಲಕ್ಕಾ, ಹುಡುಕೋಣ" ಅಂದೆ. ಬೀದಿಯವರಿಗೆ ಗೇಟು ತೋರಿಸಿ ತೋರಿಸಿ, ಹುಡುಕುವುದರಲ್ಲಿ ನಾನು ಪಂಡಿತೆ ಎಂದು ಆಗಲೇ ಹೆಸರು ಮಾಡಿದ್ದೆ. ನನಗೂ ಕೆಲಸ ಬೇಕಿತ್ತು, ಮಗಳು ಕಾಲೇಜಿನಲ್ಲಿದ್ದಳು.

ಯುಗಾದಿ ಮುಗಿದ ಸೋಮವಾರ ಇಬ್ಬರೂ ಹೊರಟೆವು. ಪೀಣ್ಯ ಎರಡನೇ ಹಂತದ ರಸ್ತೆಗಳಲ್ಲಿ ಗೇಟಿನಿಂದ ಗೇಟಿಗೆ ನಡೆದೆವು. 'ಟೈಲರ್‌ಗಳು ಬೇಕಾಗಿದ್ದಾರೆ' ಎಂಬ ಬೋರ್ಡುಗಳೇನೋ ಇದ್ದವು, ಆದರೆ ಎರಡು ಕಡೆ ಒಂದೇ ಪ್ರಶ್ನೆ ಕೇಳಿ ವಾಪಸು ಕಳಿಸಿದರು. ಏನೇನು ಬರುತ್ತೆ? ಅಕ್ಕ ಇದ್ದದ್ದನ್ನು ಇದ್ದ ಹಾಗೆ, ಕಾಲರ್ ಅಂದಳು. ಅದೊಂದೇನಾ, ಬೇಡ ಬಿಡಿ, ಆಲ್‌ರೌಂಡರ್ ಇದ್ದರೆ ಹೇಳಿ ಅಂದರು. ಆಲ್‌ರೌಂಡರ್ ಅಂದರೆ ಪೂರ್ತಿ ಶರ್ಟು ಹೊಲಿಯಬಲ್ಲವಳು. ನನಗೆ ರೇಗಿಹೋಯಿತು, ಅವರ ಮೇಲಲ್ಲ, ಅಕ್ಕನ ಮೇಲೆ.

ಟೀ ಅಂಗಡಿಯ ಮುಂದೆ ನಿಲ್ಲಿಸಿಕೊಂಡು ಬುದ್ಧಿ ಹೇಳಿದೆ.

"ಹಿಂಗೆ ನಿಜ ಹೇಳ್ಕೊಂಡು ಹೋದ್ರೆ ಸಂಜೆವರೆಗೂ ನಡೀತಾನೇ ಇರ್ಬೇಕಾಗುತ್ತೆ. ಎಲ್ಲಾ ಬರುತ್ತೆ ಅನ್ನಕ್ಕಾ."

"ಬರಂಗಿಲ್ಲಲ್ಲ ತಂಗಿ. ಮಷಿನ್ ಮ್ಯಾಲ ಕೂಡಿಸಿ ಹೊಲಿ ಅಂದ್ರ ಏನ್ ಮಾಡ್ಲಿ?"

"ಅದೆಲ್ಲ ಬಾಯಿಮಾತಿಗೆ ಕೇಳೋದು ಅಷ್ಟೆ. ಒಳಗೆ ಹೋದ್ಮೇಲೆ ಯಾವ್ದಾದ್ರೂ ಒಂದು ಕೊಡ್ತಾರೆ, ನಾಲ್ಕು ದಿನದಲ್ಲಿ ಕೈಗೆ ಹತ್ತುತ್ತೆ. ನಾನು ಹೇಳ್ದಂಗೆ ಕೇಳು."

ಆಕೆ ನನ್ನ ಮಾತಿಗೆ ಎದುರಾಡುವವಳಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಆಗಲಿ ಅಂದಳು.

ಮೂರನೇ ಗೇಟು ದೊಡ್ಡದು. ಇಬ್ಬರನ್ನೂ ಒಳಗೆ ಕಳಿಸಿದರು. ಮೇಲಿನ ಮಹಡಿಯಲ್ಲಿ ಲೈನುಗಳು ಓಡುತ್ತಿದ್ದವು. ಸೂಪರ್‌ವೈಸರ್ ಚಿಕ್ಕ ವಯಸ್ಸಿನವನು, ಬೆಳಗಿನಿಂದ ಜನ ನೋಡಿ ನೋಡಿ ಸಾಕಾಗಿದ್ದವನು. ಏನು ಬರುತ್ತೆ ಎಂದು ಮೊದಲು ಅಕ್ಕನನ್ನು ಕೇಳಿದ. ಅಕ್ಕ ನನ್ನ ಕಡೆ ಒಮ್ಮೆ ನೋಡಿದಳು. ನಾನು ಕಣ್ಣಲ್ಲೇ ಹೂಂ ಅಂದೆ.

"ಎಲ್ಲಾ ಬರ್ತದ್ರೀ ಸರ್."

ಅವನು ಪಕ್ಕದ ಬಂಡಲ್‌ನಿಂದ ಒಂದು ತೋಳು ಎಳೆದು ಮಷಿನ್ ಮೇಲೆ ಹಾಕಿದ. ತೋಳಿನ ಸೀಳಿಗೆ ಪಟ್ಟಿ ಹಾಕಿಕೊಡಿ ಅಂದ. ಅದು ಲೈನಿನಲ್ಲೇ ತಂಟೆಯ ಕೆಲಸ, ಮೂರು ಮಡಿಕೆ ಒಂದರೊಳಗೊಂದು ಕೂರಬೇಕು. ಅಕ್ಕ ಕೂತಳು. ಪಟ್ಟಿಯನ್ನು ತಿರುವಿ ತಿರುವಿ ನೋಡಿದಳು. ಅಕ್ಕಪಕ್ಕದವರು ಕೈ ನಿಲ್ಲಿಸದೆಯೇ ಓರೆಗಣ್ಣಲ್ಲಿ ನೋಡುತ್ತಿದ್ದರು. ಕೊನೆಗೆ ಹೊಲಿದದ್ದು ಉಲ್ಟಾ, ಬಟ್ಟೆ ಒಳಗೆ ಸಿಕ್ಕಿಕೊಂಡು ತೋಳಿನ ಬಾಯಿಯೇ ಮುಚ್ಚಿಹೋಗಿತ್ತು.

ಅವನು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. "ಏನಮ್ಮಾ, ಎಲ್ಲಾ ಬರುತ್ತೆ ಅಂದ್ರಿ? ಇದ್ರಲ್ಲಿ ಕೈ ಎಲ್ಲಿ ತೂರಿಸ್ತಾರೆ?"

ಯಾರೋ ಕಿಸಕ್ಕೆಂದರು. ಅಕ್ಕನ ಮುಖ ಇಷ್ಟೇ ಇಷ್ಟಾಯಿತು. ತಪ್ಪಾತ್ರೀ ಎಂದು ಎದ್ದಳು, ಚಪ್ಪಲಿ ಹುಡುಕಿಕೊಂಡಳು. ಸೆಕ್ಯುರಿಟಿ ಹತ್ತಿರ ಕಾಯುತ್ತೇನೆಂದು ನನಗೆ ಸನ್ನೆ ಮಾಡಿ ಕೆಳಗೆ ಇಳಿದುಹೋದಳು.

ಅವನು ನನ್ನ ಕಡೆ ತಿರುಗಿದ. "ನೀವೂ ಎಲ್ಲಾ ಬರೋರೇನಾ? ನೋಡಿ ಮೇಡಂ, ಟೈಮ್ ವೇಸ್ಟ್ ಮಾಡ್ಬೇಡಿ. ನಂಗೆ ಬೇಕಾಗಿರೋದು ಕಾಲರ್‌ಗೆ ಒಬ್ರು. ಊರಿಗೆ ಹೋದೋಳು ಬಂದಿಲ್ಲ, ಒಂದು ಲೈನ್ ನಿಂತಿದೆ. ಕಾಲರ್ ಬರುತ್ತಾ?"

ಮೆಟ್ಟಿಲಿನಲ್ಲಿ ಅಕ್ಕನ ಚಪ್ಪಲಿ ಸದ್ದು ಇನ್ನೂ ಕೇಳುತ್ತಿತ್ತು. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಈಗ ಹೋದಳಲ್ಲ ಸಾರ್, ಪೀಣ್ಯದಲ್ಲೇ ಅವಳಂಥ ಕಾಲರ್ ಕೈ ಇಲ್ಲ, ಸುಳ್ಳು ಹೇಳಿಸಿದ್ದು ನಾನು ಎನ್ನಬಹುದಿತ್ತು. ಅವನು ನಂಬುತ್ತಿದ್ದನೋ ಇಲ್ಲವೋ ಗೊತ್ತಿಲ್ಲ. ನಂಬುವುದಿಲ್ಲ ಎಂದು ನಾನೇ ನನಗೆ ಹೇಳಿಕೊಂಡೆ, ನಮ್ಮಿಬ್ಬರನ್ನೂ ಓಡಿಸುತ್ತಾನೆ ಎಂದುಕೊಂಡೆ. ಮನುಷ್ಯರಿಗೆ ನೆಪ ಬೇಕಾದಾಗ ಎಷ್ಟು ಬೇಗ ಸಿಗುತ್ತದೆ.

"ಬರುತ್ತೆ ಸಾರ್" ಅಂದೆ. ಕೂತು ಕೂರಿಸಿಕೊಟ್ಟೆ. ಎಳೆಯಲಿಲ್ಲ, ದಾರಿ ತೋರಿಸಿದೆ, ಬಟ್ಟೆ ತಾನೇ ಬಂತು. ನಾಳೆಯಿಂದ ಬನ್ನಿ ಅಂದ.

ಅಕ್ಕ ಗೇಟಿನ ಹತ್ತಿರ ಕಲ್ಲಿನ ಮೇಲೆ ಕೂತಿದ್ದಳು. ಆಯ್ತೇನು ಎಂದು ಕೇಳಿದಳು. ಆಯ್ತು ಅಂದೆ. ಆಕೆಗೆ ಸಂತೋಷವಾಯಿತು, ನಿಜವಾಗಿಯೂ ಸಂತೋಷವಾಯಿತು, ನಾನು ಆ ಮುಖ ನೋಡಿದ್ದೇನೆ.

"ಯಾವುದಕ್ಕ ಹಾಕ್ಯಾರ?"

"ಕಫ್‌ಗೆ" ಅಂದೆ.

"ಛಲೋ ಆತು ಬಿಡು. ನೀ ಹೇಳಿದ್ದು ಖರೇನ ಇತ್ತು ತಂಗಿ, ನನ್ನ ಕೈಗ ಬರಲಿಲ್ಲ."

ಆ ಸುಳ್ಳು ಅಲ್ಲಿಗೇ ಮುಗಿದಿದ್ದರೆ ಒಂದು ಮಾತು. ಮುಗಿಯಲಿಲ್ಲ. ತಿಂಗಳಾಗುವ ಮೊದಲೇ ಲೈನು ಜಾಸ್ತಿ ಮಾಡಿದರು, ನನ್ನ ಪಕ್ಕದಲ್ಲೇ ಕಾಲರ್‌ಗೆಂದು ಎರಡನೇ ಮಷಿನ್ ಹಾಕಿದರು. ಗೊತ್ತಿರೋರು ಯಾರಾದ್ರೂ ಇದ್ರೆ ಕರ್ಕೊಂಡು ಬನ್ನಿ ಮೇಡಂ ಎಂದು ಅದೇ ಸೂಪರ್‌ವೈಸರ್ ಬಾಯಿಬಿಟ್ಟು ಕೇಳಿದ. ಅಕ್ಕನನ್ನು ಕರೆತಂದರೆ ನನ್ನ ಪಕ್ಕದಲ್ಲಿ ಕೂರುತ್ತಾಳೆ, ನಾನು ಕೂರಿಸುತ್ತಿರುವುದು ಕಾಲರ್ ಎಂದು ನೋಡುತ್ತಾಳೆ. ಆ ಒಂದು ನಾಚಿಕೆಗೆ ನಾಲಿಗೆ ಹೊರಳಲಿಲ್ಲ. ದಿನಾ ಸಂಜೆ ಇವತ್ತು ಹೇಳೋಣ ಎಂದು ಹೊರಡುತ್ತಿದ್ದೆ, ಆಕೆಯ ರೂಮಿನ ಮುಂದೆ ಬಂದಾಗ ನಡಿಗೆ ಜೋರಾಗುತ್ತಿತ್ತು. ವಾರದಲ್ಲಿ ಬೇರೆ ಯಾರೋ ಆ ಮಷಿನ್‌ಗೆ ಬಂದರು.

ಅಕ್ಕ ಇನ್ನೂ ಎಷ್ಟೋ ಗೇಟು ತಟ್ಟಿದಳಂತೆ. ಆವತ್ತು ಎಲ್ಲರೆದುರು ಅವಮಾನವಾದ ಮೇಲೆ ಟ್ರಯಲ್‌ಗೆಂದು ಮಷಿನ್ ಮುಂದೆ ಕೂರಿಸಿದರೆ ಆಕೆಗೆ ಕೈ ಓಡುತ್ತಿರಲಿಲ್ಲವಂತೆ. ಕಾಲರ್ ಕೊಟ್ಟ ಕಡೆಯೂ ಕೆಡಿಸಿದಳೆಂದು ಯಾರೋ ಹೇಳಿದರು. ನನಗೆ ಅದನ್ನು ಕೇಳಿ ತಡೆಯಲಾಗಲಿಲ್ಲ, ಬಚ್ಚಲಿಗೆ ಹೋಗಿ ಅತ್ತೆ. ಅತ್ತು ಬಂದು ಮತ್ತೆ ಸುಮ್ಮನಾದೆ.

ಕಾರ್ಡು ಮುಗಿಯುವ ವಾರ ಅವರು ರೂಮು ಖಾಲಿ ಮಾಡಿದರು. ಊರ ಕಡೆ ಜಿಲ್ಲಾ ಆಸ್ಪತ್ರೆಯಲ್ಲಿ ಸರದಿ ಸಿಕ್ಕರೆ ಪುಣ್ಯ ಎಂದು ಹೊರಟಿದ್ದರು. ಗಂಟು ಕಟ್ಟಿಕೊಡಲು ನಾನೂ ಹೋದೆ. ಅಕ್ಕನ ಗಂಡ, ನಾನು ಅಣ್ಣ ಎನ್ನುತ್ತಿದ್ದವರು, ಗೋಡೆಗೆ ಒರಗಿ ಕೂತಿದ್ದರು. ಹಗ್ಗ ಬಿಗಿಯುವಾಗ ಅಕ್ಕ ನನ್ನ ಎಡಗೈ ಹಿಡಿದಳು, ಹೆಬ್ಬೆರಳನ್ನು ಮುಟ್ಟಿ ನೋಡಿದಳು. ಕಾಲರ್ ಕೂರಿಸುವಾಗ ಶರ್ಟಿನ ಕುತ್ತಿಗೆಯ ಸುತ್ತು ಒತ್ತಿ ಒತ್ತಿ ಹಿಡಿಯುವವರಿಗೆ ಅಲ್ಲಿ ಚರ್ಮ ಗಟ್ಟಿಯಾಗುತ್ತದೆ. ಕಫ್ ಹೊಲಿಯುವವರಿಗೆ ಆಗುವುದಿಲ್ಲ.

"ಕಾಲರ್ ಏನು?" ಅಂದಳು.

ಎಲ್ಲ ಹೇಳಿದೆ. ಮೆಟ್ಟಿಲ ಸದ್ದು ಕೇಳುತ್ತಿದ್ದದ್ದು, ನಾನು ಕೂಗದಿದ್ದದ್ದು, ಎರಡನೇ ಮಷಿನ್ ಒಂದು ವಾರ ಖಾಲಿ ಇದ್ದದ್ದು. ಅಣ್ಣನೂ ಕೇಳಿಸಿಕೊಂಡರು. ಅಕ್ಕ ಅಳಲಿಲ್ಲ. ಹಗ್ಗದ ಗಂಟನ್ನು ಬಿಗಿದು ಮುಗಿಸಿದಳು.

"ಆ ಮಷಿನ್ ಖಾಲಿ ಇದ್ದಾಗರ ಹೇಳಬಾರದೇನ ತಂಗಿ? ನಾ ಬೈತೀನಂತ ಅಂಜಿದ್ಯಾ?" ಅಂದಳು. "ಬೈತಿದ್ದೆ. ಬೈದು ಕೆಲಸಕ್ಕ ಬರ್ತಿದ್ನಲ್ಲ."

ಹೊರಗೆ ಆಟೋ ಬಂದು ನಿಂತಿತು. ಅಣ್ಣನಿಗೆ ಒಬ್ಬರೇ ಏಳಲು ಆಗುತ್ತಿರಲಿಲ್ಲ. ಆ ಕಡೆ ಹಿಡ್ಕೋ ಎಂದು ಅಕ್ಕ ನನ್ನನ್ನೇ ಕರೆದಳು. ಇಬ್ಬರೂ ಸೇರಿ ಎತ್ತಿದೆವು. ಅವರು ತೀರ ಹಗುರವಾಗಿದ್ದರು.